ಪಾಪ ಹೇಳಿದ ಮಂಗಳವಾರ

ಹಾಲನ್‌ಗೆ ಬಾಯೇ ಬಂಡವಾಳ. ಉದಕಮಂಡಲದ ಸಂತೆಪೇಟೆಯ ಕೆಳಗೆ, ಹಿಂದೆ ಆಲೂಗೆಡ್ಡೆ ಮಂಡಿಯಾಗಿದ್ದ ತಗಡಿನ ಕಟ್ಟಡದಲ್ಲಿ ಗುಂಡ್ಲುಪೇಟೆ ಕಡೆಯ ಮಾದಯ್ಯ ಸಿನಿಮಾ ನಡೆಸುತ್ತಿದ್ದ. ಮೂಕ ಚಿತ್ರಗಳ ಕಾಲ ಅದು. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ನಡುನಡುವೆ ಮೂಡುವ ಬರಹ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತಿತ್ತು. ಮಂಗಳವಾರದ ಸಂತೆಗೆ ಗೆಡ್ಡೆ ಮಾರಲು ಬಂದ, ಬೆಟ್ಟದ ಬೇಸಾಯದ ಜನರಾದ ಬಡಗರ ಪಾಲಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಪರದೆಯ ಪಕ್ಕ ಒಂದು ಮರದ ಪೆಟ್ಟಿಗೆ ಹತ್ತಿ ನಿಂತು ಹಾಲನ್ ಕತೆ ಹೇಳಬೇಕು. ಅವನೂ ಬಡಗನೇ, ಏಳು ಮೈಲಿ ಆಚೆಯ ಹಟ್ಟಿಯವನು. ಬಡಗು, ಕನ್ನಡ, ತಮಿಳು ಮೂರನ್ನೂ ಕಲಸಿ ಹೇಳುತ್ತಿದ್ದ. ರಾಣಿಗೆ ಬಿನ್ನಾಣ, ಕಳ್ಳನಿಗೆ ಕೆಮ್ಮು, ಕುದುರೆಗೂ ಒಂದೆರಡು ಮಾತು. ಒಮ್ಮೆ ಅವನು ಜ್ವರ ಬಂದು ಮಲಗಿದ ವಾರ ಜನ ಅರ್ಧ ಚಿತ್ರಕ್ಕೇ ಎದ್ದು ಹೋಗಿದ್ದರು.

ಅಂಥ ಬಾಯಿ ಆ ವರ್ಷ, ಸಾವಿರದೊಂಬೈನೂರ ಮೂವತ್ತೊಂದರ ಜನವರಿಯಲ್ಲಿ, ಅಕ್ಕನ ಎದುರು ಮಾತ್ರ ಕಟ್ಟಿಹೋಗಿತ್ತು.

ಅಕ್ಕ ಹಾಲಿ. ಗಂಡ ಹೋಗಿ ವರ್ಷಗಳಾಗಿದ್ದವು. ಇದ್ದವನು ಒಬ್ಬನೇ ಮಗ, ಭೋಜನ್. ಅರವಂಕಾಡಿನ ಮದ್ದಿನ ಕಾರ್ಖಾನೆಯಲ್ಲಿ ಅವನಿಗೆ ಒಳ್ಳೆಯ ಕೆಲಸವಿತ್ತು. ಹೋದ ವರ್ಷ ಉಪ್ಪಿನ ಗಲಾಟೆ ಎದ್ದಾಗ ಅದನ್ನು ಬಿಟ್ಟು ಬಂದ. "ಇವರ ಕೋವಿಗೆ ನಾವೇ ಮದ್ದು ಅರೆದು ಕೊಡೋದು, ಆಮೇಲೆ ಅದಕ್ಕೆ ನಾವೇ ಎದೆ ಕೊಡೋದು. ಯಾವ ನ್ಯಾಯ ಮಾಮ?" ಎಂದ. ಖಾದಿ ಟೋಪಿ ಹಾಕಿ ಸಂತೆಪೇಟೆಯ ಸಾರಾಯಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತ. ಹೊಡೆತ ತಿಂದ. ಆರು ತಿಂಗಳ ಸಜೆ ಎಂದು ಕೆಳನಾಡಿನ ಜೈಲಿಗೆ ಕಳಿಸಿದರು. ನಾಲ್ಕನೆಯ ತಿಂಗಳಿಗೆ ಒಂದು ಕಾಗದ ಬಂತು: ಕೈದಿ ಜ್ವರದಿಂದ ತೀರಿಕೊಂಡ, ಹೆಣವನ್ನು ಅಲ್ಲೇ ಸುಟ್ಟಿದೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಎರಡೇ ಸಾಲು.

ಹಾಲಿ ಅತ್ತಳು, ಎದೆ ಬಡಿದುಕೊಂಡಳು, ಅದಾದ ಮೇಲೆ ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದಳು. "ಎನ್ನ ಮಗನ ಪಾಪ ಯಾರು ಹೇಳಿದರು?"

ಬಡಗರಲ್ಲಿ ಒಂದು ಪದ್ಧತಿ. ಯಾರಾದರೂ ಸತ್ತರೆ ಹೆಣದ ಮುಂದೆ ಹಿರಿಯನೊಬ್ಬ ನಿಂತು ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಅವನು ಮಾಡಿದ್ದು, ಮಾಡದೆ ಇದ್ದದ್ದು, ಅವನ ಕಡೆಯವರು ಮಾಡಿದ್ದು, ಎಲ್ಲವನ್ನೂ. ಪ್ರತಿಯೊಂದಕ್ಕೂ ಸೇರಿದ ಊರು ಒಟ್ಟಾಗಿ "ಪಾಪ" ಎನ್ನಬೇಕು. ಊರು ಬಾಯಿಬಿಟ್ಟು ಅಂದಿತೋ, ಆ ಪಾಪ ಅವನ ತಲೆಯಿಂದ ಇಳಿಯಿತು. ಬೈಗುಳವಲ್ಲ ಅದು, ಹೊರೆ ಇಳಿಸುವುದು. ಎಂಥ ಬಡವನಿಗೂ, ಎಂಥ ಕೆಟ್ಟವನಿಗೂ ಊರು ಇಷ್ಟನ್ನು ಮಾಡುತ್ತದೆ. ಭೋಜನ್‌ಗೆ ಮಾಡಿರಲಿಲ್ಲ. ಹೊರೆ ಹೊತ್ತುಕೊಂಡೇ ಎಲ್ಲೋ ದಾರಿಯಲ್ಲಿ ನಿಂತಿದ್ದಾನೆ ಎಂದು ಅವನ ತಾಯಿ ನಂಬಿದ್ದಳು, ಆ ನಂಬಿಕೆ ಅವಳನ್ನು ತಿನ್ನುತ್ತಿತ್ತು.

ಹೆಣವಿಲ್ಲದಿದ್ದರೆ ಅವನ ಬಟ್ಟೆಯನ್ನಿಟ್ಟುಕೊಂಡಾದರೂ ಹೇಳಬಹುದಿತ್ತು. ಆದರೆ ಐವರಿಗಿಂತ ಹೆಚ್ಚು ಜನ ಒಂದೆಡೆ ಸೇರಕೂಡದೆಂದು ಆಗ ಸರ್ಕಾರದ ಹುಕುಂ. ಹಟ್ಟಿಯ ಹಿರಿಯ ಕಾಳಜ್ಜನನ್ನು ತಾಲ್ಲೂಕು ಕಚೇರಿಗೆ ಕರೆಸಿ, ಆ ಹುಡುಗನ ಹೆಸರಿನಲ್ಲಿ ಜನ ಸೇರಿದರೆ ಹಟ್ಟಿಯವರ ಹೊಲದ ಪಟ್ಟಾ ಉಳಿಯುವುದಿಲ್ಲ ಎಂದು ಬೇರೆ ಹೆದರಿಸಿದ್ದರು. ಕಾಳಜ್ಜ ಮೂವರನ್ನು ಕರೆದುಕೊಂಡು ಬರುತ್ತೇನೆ ಎಂದ. ಹಾಲಿ ಬೇಡವೆಂದಳು. "ಐದು ಬಾಯಿ ಊರಾಗ್ತದಾ ಅಜ್ಜ?"

ಅವತ್ತಿನಿಂದ ಅವಳ ಮನೆಯ ಎಮ್ಮೆಯನ್ನು ಯಾರೂ ಕರೆದಿಲ್ಲ. ಹಾಲು ಕರೆಯುವುದು ಅಲ್ಲಿ ಗಂಡಸರ ಕೆಲಸ, ಭೋಜನ್‌ನೇ ಕರೆಯುತ್ತಿದ್ದ. ಅವನು ಜೈಲಿಗೆ ಹೋದ ಮೇಲೆ ಕರೆದುಕೊಡುತ್ತಿದ್ದ ಪಕ್ಕದ ಮನೆಯವರು ಬಂದರೆ ಹಾಲಿ ಕೊಟ್ಟಿಗೆಗೇ ಬಿಡಲಿಲ್ಲ. "ಎನ್ನ ಮಗನ ಹೊರೆ ಇಳಿಯೋ ತನಕ ಈ ಮನೆಗೆ ಹಾಲು ಬೇಡ. ಕರು ಕುಡಿದುಕೊಳ್ಳಲಿ." ಕರು ದುಂಡಗಾಯಿತು, ಅವಳು ಕಡ್ಡಿಯಾದಳು.

ಹಾಲನ್ ನೋಡಲು ಹೋದರೆ ಅವಳು ಮುಖ ತಿರುಗಿಸುತ್ತಿರಲಿಲ್ಲ, ಅದೇ ಅವನಿಗೆ ಕಷ್ಟವಾಗುತ್ತಿತ್ತು. ಭೋಜನ್‌ಗೆ ಹೊಡೆತ ಬಿದ್ದದ್ದು ಸಿನಿಮಾ ಬಾಗಿಲಿನಿಂದ ಹತ್ತು ಮಾರು ದೂರದಲ್ಲಿ. ಒಳಗೆ ಚಿತ್ರ ನಡೆಯುತ್ತಿತ್ತು. ಸೋದರಳಿಯನ ಕೂಗು ತಗಡು ದಾಟಿ ಒಳಗೆ ಬಂದಾಗ ಈ ಮಹಾರಾಯ ಏನು ಮಾಡಿದ? ಗಂಟಲು ಏರಿಸಿ ರಾಜಕುಮಾರಿಯ ಮದುವೆ ವರ್ಣಿಸಿದ. ಹೊರಗಿನದು ಯಾರಿಗೂ ಕೇಳಿಸಬಾರದೆಂದು. ಅದಕ್ಕೂ ಮೊದಲು ಭೋಜನ್ ಒಮ್ಮೆ ಕೇಳಿದ್ದ: "ಪರದೆಗೆಲ್ಲಾ ಬಾಯಿ ಕೊಡ್ತೀಯಲ್ಲ ಮಾಮ, ಊರಿಗೆ ಯಾವಾಗ ಕೊಡ್ತೀಯ?" ಆಗ ಹಾಲನ್ ನಕ್ಕು ಅವನ ತಲೆಗೆ ಮೊಟಕಿದ್ದ. ಈಗ ಆ ಮಾತು ನೆನಪಾದರೆ ಅನ್ನ ಇಳಿಯುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಮುಂಬಯಿಯಿಂದ ಆ ಚಿತ್ರ ಬಂತು.

ಸೋಮವಾರ ಬೆಳಿಗ್ಗೆ ಮಾದಯ್ಯ ಕಿಟಕಿಗಳಿಗೆಲ್ಲ ಕಂಬಳಿ ತೂಗುಹಾಕಿ, ಯಂತ್ರದ ಹಿಡಿ ತಿರುಗಿಸಿ ಅದನ್ನು ಪರೀಕ್ಷೆಗೆ ಓಡಿಸಿದ. ನೋಡಲು ಬಂದವರು ಸಬ್ ಇನ್ಸ್‌ಪೆಕ್ಟರ್ ಕೃಷ್ಣನ್. ಬೆಟ್ಟಕ್ಕೆ ಬಂದು ಮೂರು ತಿಂಗಳಾಗಿತ್ತು, ಪಾಲಕ್ಕಾಡಿನ ಕಡೆಯವರು. ಚಳಿಗೆ ಎರಡು ಕೋಟು ಹಾಕುತ್ತಿದ್ದರು. ಚಿತ್ರದ ಮೇಲೆ ಕತ್ತರಿ ಆಡಿಸಿಯಾಗಿತ್ತು, ಆದರೆ ಕತೆ ಹೇಳುವವರ ನಾಲಿಗೆಗೆ ಕತ್ತರಿ ಇರಲಿಲ್ಲವಲ್ಲ. ಅದಕ್ಕಾಗಿ ಹೊಸ ಹುಕುಂ. ಹೇಳುವ ಮಾತನ್ನು ಮೊದಲೇ ಒಪ್ಪಿಸಬೇಕು, ಒಪ್ಪಿದ್ದನ್ನೇ ಹೇಳಬೇಕು. ತಪ್ಪಿದರೆ ಮಾದಯ್ಯನ ಲೈಸೆನ್ಸು ಹೋಗುತ್ತದೆ, ಹೇಳಿದವನು ಒಳಗೆ ಹೋಗುತ್ತಾನೆ.

ಚಿತ್ರದಲ್ಲಿ ಒಂದು ಕೋಟೆ ಇರುವ ಪಟ್ಟಣ. ಊರ ಬಾವಿಯ ನೀರಿಗೆ ಸುಂಕ ಹಾಕುವ ಒಬ್ಬ ಸುಬೇದಾರ. ಚರ್ಮದ ಚೀಲದಲ್ಲಿ ನೀರು ಹೊತ್ತು ಮನೆಮನೆಗೆ ಕೊಡುವ ಒಬ್ಬ ಆಳು. ಅವನು ಸುಂಕ ಕಟ್ಟುವುದಿಲ್ಲ ಎನ್ನುತ್ತಾನೆ. ಆಮೇಲೆ ಊರೇ ಕಟ್ಟುವುದಿಲ್ಲ ಎನ್ನುತ್ತದೆ. ಉಪ್ಪಿಗೆ ಬದಲು ನೀರು, ಅಷ್ಟೇ. ಇದು ಯಾರಿಗೆ ತಿಳಿಯುವುದಿಲ್ಲ? ಹೆಂಗಸರು ಮಾಳಿಗೆಯಿಂದ ಮಡಕೆ ಎಸೆಯುವುದನ್ನು ಕತ್ತರಿಸಿದ್ದರು. ಕೋಟೆ ಬಾಗಿಲು ಒಡೆಯುವ ಕೊನೆಯ ಸುರುಳಿಯನ್ನು ಪೂರ್ತಿ ಕಿತ್ತುಕೊಂಡಿದ್ದರು. ಒಂದು ದೃಶ್ಯವನ್ನು ಮಾತ್ರ ಹಾಗೇ ಬಿಟ್ಟಿದ್ದರು. ಸುಬೇದಾರ ಆನೆಯ ಮೇಲೆ ಮೆರವಣಿಗೆ ಹೊರಡುತ್ತಾನೆ, ಅಂಗಡಿಗಳೆಲ್ಲ ಮುಚ್ಚಿವೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಂದು ನಾಯಿ ಅಡ್ಡ ಹಾಯುತ್ತದೆ. ಸುಬೇದಾರ ಆ ಕಡೆ ಈ ಕಡೆ ನೋಡುತ್ತಾನೆ, ಕೈ ಮುಗಿಯುವವರಿಲ್ಲ, ಬೈಯುವವರೂ ಇಲ್ಲ. ಅದರಲ್ಲಿ ಏನೂ ನಡೆಯುವುದಿಲ್ಲವಲ್ಲ ಎಂದು ಕತ್ತರಿಯವರಿಗೆ ಅನಿಸಿರಬೇಕು. ಹಾಲನ್‌ಗೆ ಮೈ ಜುಂ ಎಂದಿತು.

ಕಡೆಗೆ ಸೈನಿಕರು ನೀರಿನವನನ್ನು ಬಾವಿಯ ಕಟ್ಟೆಯ ಮೇಲೆ ಕೊಲ್ಲುತ್ತಾರೆ. ಹೆಣ ಬೀದಿಯಲ್ಲಿ ಬಿದ್ದಿದೆ, ಚೀಲದಿಂದ ನೀರು ಹರಿಯುತ್ತಿದೆ. ಎತ್ತುವವರಿಲ್ಲ. ಅಲ್ಲಿಗೆ ಚಿತ್ರ ಮುಗಿಯಿತು.

"ಅಂವ ಸತ್ತೋದ ಮ್ಯಾಲೇ ಕತೆ ಇರಾದು," ಮಾದಯ್ಯ ಯಂತ್ರ ನಿಲ್ಲಿಸಿ ಗೊಣಗಿದ. "ಅದ್ನೇ ಕಿತ್ಕಂಡವ್ರೆ. ಜನ ನನ್ನ ಬೈಕಂಡು ಹೋಯ್ತಾರೆ."

ಹಾಲನ್ ಬಿಳಿ ಪರದೆಯನ್ನೇ ನೋಡುತ್ತಿದ್ದ. ಎತ್ತುವವರಿಲ್ಲದ ಹೆಣ. ನಾಳೆ ಇದೇ ಬೆಂಚುಗಳ ಮೇಲೆ ಮುನ್ನೂರು ಜನ, ಅವರಲ್ಲಿ ಮುಕ್ಕಾಲು ಪಾಲು ಬಡಗರು. ಐವರಿಗಿಂತ ಹೆಚ್ಚು ಸೇರಬಾರದೆಂಬ ಹುಕುಂ ಇರುವ ಊರಿನಲ್ಲಿ ಟಿಕೇಟು ಕೊಂಡ ಮುನ್ನೂರು ಜನ ಒಂದು ಸೂರಿನಡಿ ಕೂರಬಹುದು! ಸರ್ಕಾರವೇ ಮೊಹರು ಒತ್ತಿ ಕೊಟ್ಟ ಅಪ್ಪಣೆ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತನ್ನ ತಲೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಈ ಜಾಗದಲ್ಲಿ ನೀನು ಏನು ಹೇಳುವುದು?" ಕೃಷ್ಣನ್ ಪೆನ್ಸಿಲ್ ತೆಗೆದರು.

"ಅವನ ತಪ್ಪು ಒಂದೊಂದೇ ಹೇಳ್ತೀನಿ ಸಾಮಿ," ಎಂದ ಹಾಲನ್. "ಪ್ರತಿ ತಪ್ಪಿಗೂ ಜನ ಪಾಪ ಅಂತಾರೆ."

"ಜನರೇ ಹೇಳುತ್ತಾರಾ?"

"ನಮ್ಮ ಬೆಟ್ಟದ ಪದ್ಧತಿ ಸಾಮಿ. ಸತ್ತವನ ತಪ್ಪನ್ನ ಮುಚ್ಚಿಡೋದಿಲ್ಲ."

ಒಂದಕ್ಷರ ಸುಳ್ಳಿಲ್ಲ, ನೋಡಿ. ಕೃಷ್ಣನ್ ಅವರ ಮುಖ ಅರಳಿತು. ದಂಗೆಯೆದ್ದವನನ್ನು ಊರಿನ ಜನವೇ ಪಾಪಿ ಎಂದು ಕೂಗುವುದು! ಮೇಲಿನವರಿಗೆ ಬರೆಯಲು ಇದಕ್ಕಿಂತ ಚೆಂದದ ವರದಿ ಬೇಕೇ? ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು ಜಯರಾಮನ್ ತುಸು ಕೆಮ್ಮಿದ. ಅವನೂ ಒಂದು ಬಡಗ ಹಟ್ಟಿಯವನು. ಹಾಲನ್ ಅವನ ಕಡೆ ನೋಡಿದ. ಜಯರಾಮನ್ ಬಾಗಿಲ ಚಿಲಕವನ್ನು ನೋಡುತ್ತಿದ್ದ.

ಹಾಲನ್ ಕೆಲವು ತಪ್ಪು ಹೇಳಿದ, ಕೃಷ್ಣನ್ ಬರೆದುಕೊಂಡರು. ಕೊನೆಗೆ ತಾವೇ ಯೋಚಿಸಿ ಒಂದು ಸಾಲು ಸೇರಿಸಿದರು. "ಎಲ್ಲಾ ಆದ ಮೇಲೆ ಇದು ಹೇಳಬೇಕು. 'ಸರ್ಕಾರದ ಆಜ್ಞೆ ಮೀರಿದ.' ಇದು ದೊಡ್ಡ ಪಾಪ. ಇದನ್ನು ಬಿಟ್ಟರೆ ಜಾಗ್ರತೆ."

ಹಾಲನ್ ಅವರ ಪೆನ್ಸಿಲನ್ನೇ ನೋಡಿದ. ಸೋದರಳಿಯ ಪ್ರಾಣ ಕೊಟ್ಟದ್ದು ಯಾವುದಕ್ಕೋ ಅದನ್ನೇ ಅವನ ಪಾಪ ಎಂದು ತಾನೇ ಕೂಗಬೇಕು. ಆದರೆ ಬೇಡ ಎಂದರೆ ಉಳಿದದ್ದೂ ಕೈಬಿಡುತ್ತದೆ. "ಆಗಲಿ ಸಾಮಿ," ಎಂದ.

ಅಲ್ಲಿಂದ ನೇರ ಹಟ್ಟಿಗೆ ನಡೆದ. ಕಾಳಜ್ಜ ಬಿಸಿಲಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತಿದ್ದ. ಸಂಗತಿ ಕೇಳುತ್ತಲೇ ಅವನಿಗೆ ಸಿಟ್ಟು ನೆತ್ತಿಗೇರಿತು.

"ಆಟದ ಕೊಟ್ಟಿಗೆಯಲ್ಲಿ ಪಾಪ ಹೇಳ್ತಾರಾ? ಬೀಡಿ ಸೇದೋರ ನಡುವೆ? ಅದೂ ನೀನು? ಕುದುರೆಗೆ ಮಾತಾಡಿಸೋನು?"

"ನೀ ಬಂದು ಹೇಳು ಅಜ್ಜ, ನಾ ಕೆಳಗೆ ಕೂತು ಪಾಪ ಅಂತೀನಿ."

"ಎನಗೆ ಪಟ್ಟಾ ಭಯ ಇಲ್ಲ ಅಂದುಕೊಂಡೆಯಾ? ಅರವತ್ತು ಒಲೆ ಈ ಹಟ್ಟಿಯಲ್ಲಿ ಉರೀತಾವೆ."

"ಅದಕ್ಕೇ ಅಜ್ಜ. ನೀ ಹೇಳಿದರೆ ಹಟ್ಟಿಗೆ ಬರ್ತದೆ. ನಾ ಹೇಳಿದರೆ ಎನ್ನ ಒಬ್ಬನಿಗೆ ಬರ್ತದೆ. ಬರಲಿ ಬಿಡು. ಅವತ್ತು ಒಳಗೆ ನಿಂತು ಬಾಯಿ ದೊಡ್ಡದು ಮಾಡಿದೋನು ನಾನು."

ಮುದುಕ ಮುಖ ತಿರುಗಿಸಿದ. ಎದುರಿನ ಹೊಲದಲ್ಲಿ ಮಂಜು ಸುಟ್ಟ ಗೆಡ್ಡೆಯ ಸೊಪ್ಪು ಕಪ್ಪಗೆ ಬಿದ್ದಿತ್ತು. ಕಡೆಗೆ ಅವನು, "ನಾ ಬರೋದಿಲ್ಲೆ," ಎಂದ. ಸ್ವಲ್ಪ ಬಿಟ್ಟು, ಹಾಲನ್‌ನ ಮುಖ ನೋಡದೆಯೇ, "ಸತ್ತವನ ಹೆಸರು ಹೇಳದೆ ಪಾಪ ಹೇಳಿದರೆ ಅದು ಯಾರಿಗೂ ಮುಟ್ಟೋದಿಲ್ಲೆ. ನೆನಪಿರಲಿ," ಎಂದ.

ಹಾಲಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ್ದಳು. ತಮ್ಮ ಹತ್ತಿರ ಬಂದಾಗ ಅವಳು ಕೇಳಿದ್ದು ಇಷ್ಟೇ: "ಜನ ಅಂತಾರಾ?"

"ಗೊತ್ತಿಲ್ಲೆ ಅಕ್ಕ. ಪೊಲೀಸು ಕೂತಿರ್ತದೆ. ಹೆದರಬಹುದು. ಕಡೆಗೊಂದು ಮಾತಿದೆ, ಅದನ್ನ ಅವರೇ ಹೇಳಿಕೊಟ್ಟಿದಾರೆ. ಸರ್ಕಾರದ ಆಜ್ಞೆ ಮೀರಿದ ಅಂತ. ಅದನ್ನೂ ಹೇಳಬೇಕು. ನೀ ಎನ್ನ ಕ್ಷಮಿಸಬೇಕು."

ಹಾಲಿ ಅವನನ್ನು ದಿಟ್ಟಿಸಿ ನೋಡಿದಳು. "ನೀ ಹೇಳು," ಎಂದಳು. "ಅನ್ನೋದು ಬಿಡೋದು ಊರಿನ ಕೆಲಸ."

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಸಿನಿಮಾ ಕೊಟ್ಟಿಗೆ ತುಂಬಿತು. ಗೋಣಿ, ಒದ್ದೆ ಕಂಬಳಿ, ಬೀಡಿ, ಹಳೆಯ ಗೆಡ್ಡೆಯ ಮಣ್ಣು, ಎಲ್ಲದರ ವಾಸನೆ ಸೇರಿ ಉಸಿರು ಕಟ್ಟುತ್ತಿತ್ತು. ಬಲಗಡೆ ಹೆಂಗಸರ ಬೆಂಚುಗಳಲ್ಲಿ ಬಿಳಿಯ ತಲೆವಸ್ತ್ರಗಳ ಸಾಲು. ಮೊದಲ ಸಾಲಿನ ತುದಿಯಲ್ಲಿ ಹಾಲಿ, ಮಡಿಲಲ್ಲಿ ಮಗನ ಖಾದಿ ಟೋಪಿ. ಎಡಗಡೆ ಕುರ್ಚಿಯಲ್ಲಿ ಕೃಷ್ಣನ್, ಮೊಣಕಾಲ ಮೇಲೆ ಪುಸ್ತಕ. ಹಟ್ಟಿಯವರೂ ಕಾಣುತ್ತಿದ್ದರು, ಚದುರಿ ಕೂತಿದ್ದರು. ಕಾಳಜ್ಜ ಕಾಣಲಿಲ್ಲ.

ಮಾದಯ್ಯನಿಗೆ ಅಷ್ಟರಲ್ಲಿ ಯಾರೋ ಉಸುರಿದ್ದರು. ಅವನು ಹಾಲನ್‌ನ ತೋಳು ಹಿಡಿದು ಪರದೆಯ ಹಿಂದಕ್ಕೆ ಎಳೆದ.

"ಅಲ್ಲಾ ಕಣಪ್ಪ, ನನ್ನ ತಲೆ ಮ್ಯಾಲೆ ಚಪ್ಪಡಿ ಎಳಿಯಕ್ಕೆ ನಿಂತಿದ್ದೀಯಾ? ಲೈಸೆನ್ಸು ಹೋದ್ರೆ ನಾನು ಯಾವ ಕೆರೆ ನೋಡ್ಕಳ್ಲಿ?"

"ಬರೆದುಕೊಂಡದ್ದನ್ನ ಬಿಟ್ಟು ಒಂದೆರಡು ಮಾತು ಹೆಚ್ಚು ಆಗಬಹುದು ಮಾದಯ್ಯನೋರೆ. ಬೇಡ ಅಂದರೆ ಈಗಲೇ ಹೇಳಿ, ಇಳಿದು ಹೋಗ್ತೀನಿ. ಕತೆ ನೀವೇ ಹೇಳಿ."

"ನಾನಾ?" ಮಾದಯ್ಯ ಕಣ್ಣು ಕಣ್ಣು ಬಿಟ್ಟ. ಪರದೆಯ ಸಂದಿಯಿಂದ ಹೆಂಗಸರ ಬೆಂಚಿನ ಕಡೆ ನೋಡಿದ. ಟೋಪಿ ಹಿಡಿದುಕೊಂಡು ಕೂತ ಹಾಲಿಯನ್ನು ಕಂಡ. ಭೋಜನ್ ಎಷ್ಟೋ ಮಂಗಳವಾರ ಅವನ ಯಂತ್ರಕ್ಕೆ ಎಣ್ಣೆ ಬಿಟ್ಟುಕೊಟ್ಟಿದ್ದ. "ಥೂ, ನಿನ್ನ ಸಾವಾಸ," ಎಂದು ಉಗುಳಿದ. "ಹೋಗು, ಹತ್ತು. ನಾನು ಹ್ಯಾಂಡ್ಲು ನಿಲ್ಲಿಸಾಕಿಲ್ಲ."

ಚಿತ್ರ ಶುರುವಾಯಿತು. ಕೋಟೆ, ಬಾವಿ, ಚೀಲ ಹೊತ್ತ ಆಳು. ಬರಹದಲ್ಲಿ ಅವನಿಗೆ ಹೆಸರೇ ಇರಲಿಲ್ಲ, ಬರೀ ನೀರಿನವನು. ಹೆಸರಿಲ್ಲದವನಿಗೆ ಹೆಸರಿಡುವುದು ಕತೆ ಹೇಳುವವನ ಹಕ್ಕು. ಆ ಬಗ್ಗೆ ಯಾವ ಹುಕುಂ ಇರಲಿಲ್ಲ. ಹಾಲನ್ ಕೋಲು ಎತ್ತಿ ತೋರಿಸಿದ.

"ಈ ಪಟ್ಟಣದಲ್ಲಿ ಒಬ್ಬ ತಾಯಿಗೆ ಒಬ್ಬನೇ ಮಗ. ಅವನ ಹೆಸರು ಭೋಜನ್."

ಬೆಂಚುಗಳು ಕಿರ್ ಎಂದವು. ಬೀಡಿಗಳು ಒಂದೊಂದಾಗಿ ಆರಿದವು. ಕೃಷ್ಣನ್ ಪುಸ್ತಕದಿಂದ ತಲೆ ಎತ್ತಲಿಲ್ಲ; ಅವರು ಬರುವುದಕ್ಕೆ ಮುಂಚೆ ಜೈಲಿಗೆ ಹೋದವನ ಹೆಸರು ಅವರಿಗೆ ಏನು ಗೊತ್ತು?

ಸುಬೇದಾರನ ಮೆರವಣಿಗೆ ಬಂದಾಗ ಹಾಲನ್ ಒಂದು ಮಾತೂ ಆಡಲಿಲ್ಲ. ಆನೆಗೂ ಮಾತಿಲ್ಲ, ನಾಯಿಗೂ ಮಾತಿಲ್ಲ. ಮುಚ್ಚಿದ ಅಂಗಡಿಗಳು ಒಂದಾದ ಮೇಲೊಂದು ಹಾದುಹೋದವು. ಮುನ್ನೂರು ಜನ ಆ ಬರಿದಾದ ಬೀದಿಯನ್ನು ಕಣ್ಣು ಮಿಟುಕಿಸದೆ ನೋಡಿದರು.

ಕೊನೆಗೆ ಬಾವಿಯ ಕಟ್ಟೆ ಬಂತು. ನೀರಿನವನು ಬಿದ್ದ. ಹಾಲನ್ ಕೋಲನ್ನು ಕೆಳಗಿಟ್ಟ, ರುಮಾಲು ತೆಗೆದು ಹೆಗಲ ಮೇಲೆ ಹಾಕಿಕೊಂಡ. ದನಿಯನ್ನು ಕಾಳಜ್ಜ ಏರಿಸುವಂತೆ ಉದ್ದಕ್ಕೆ ಏರಿಸಿದ.

"ಇಂದು ಭೋಜನ್ ಸತ್ತ. ಬಿತ್ತನೆಗೆ ಇಟ್ಟ ಗೆಡ್ಡೆಯ ಸುಟ್ಟು ತಿಂದ."

ಯಾರೂ ಉಸಿರೆತ್ತಲಿಲ್ಲ. ಹಟ್ಟಿಯವರು ತಲೆ ಬಗ್ಗಿಸಿದರು. ಆ ಗೆಡ್ಡೆಯ ಕತೆ ಅವರಿಗೆಲ್ಲ ಗೊತ್ತಿತ್ತು. ಹತ್ತು ವರ್ಷದವನಿದ್ದಾಗ ಒಂದು ಬುಟ್ಟಿ ಬಿತ್ತನೆ ಗೆಡ್ಡೆ ಸುಟ್ಟು ತಿಂದು ಹಾಲಿಯ ಕೈಲಿ ಬರೆ ತಿಂದಿದ್ದ. ಆದರೆ ಎದುರಿಗೆ ಎರಡು ಕೋಟಿನ ಮನುಷ್ಯ ಪುಸ್ತಕ ಹಿಡಿದು ಕೂತಿದ್ದಾರೆ, ಬಾಯಿ ತೆರೆಯುವುದು ಹೇಗೆ? ಮುಗಿಯಿತು, ಹೆದರಿದರು ಎಂದುಕೊಂಡ ಹಾಲನ್.

ಆಗ ಹಿಂದಿನ ಗೋಡೆಯ ಬದಿಯ ಕತ್ತಲಿನಿಂದ, ಮುಖದ ತನಕ ಕಂಬಳಿ ಹೊದ್ದ ಯಾರದೋ ಒಡಕು ದನಿ ಬಂತು.

"ಪಾಪ."

ಬರುವುದಿಲ್ಲ ಎಂದಿದ್ದ ಕಾಳಜ್ಜ! ಹಾಲನ್ ದನಿಯನ್ನು ಇನ್ನಷ್ಟು ಏರಿಸಿದ.

"ಮೊಟ್ಟೆಗೆ ಕೂತ ಕೋಳಿಯ ಎಬ್ಬಿಸಿದ."

"ಪಾಪ." ಈಗ ಹತ್ತಿಪ್ಪತ್ತು ಬಾಯಿ.

"ದಣಿದ ಎತ್ತಿನ ಹೆಗಲ ನೋಡದೆ ನೊಗ ಇಟ್ಟ."

"ಪಾಪ!" ತಗಡಿನ ಸೂರು ಗುಂಯ್ ಎಂದಿತು. ಕೃಷ್ಣನ್ ಹಿಗ್ಗಿನಿಂದ ಬರೆಯತೊಡಗಿದರು. ಬಾಗಿಲಲ್ಲಿ ಜಯರಾಮನ್‌ನ ತುಟಿಯೂ ಆಡುತ್ತಿತ್ತು. ಸೀಗೂರು, ಮಸಿನಗುಡಿ ಕಡೆಯಿಂದ ಬಂದಿದ್ದ ಕನ್ನಡದವರು, ಪದ್ಧತಿ ತಿಳಿಯದವರು, ಪಕ್ಕದವರನ್ನು ನೋಡಿ ಕಲಿತು ತಾವೂ ಸೇರಿದರು.

"ಅವ್ವೆ ಕೂಗಿದಾಗ ತಿರುಗದೆ ನಡೆದ."

ಇದಕ್ಕೆ ಎಲ್ಲರಿಗಿಂತ ಮೊದಲು ಹೆಂಗಸರ ಬೆಂಚಿನಿಂದ ಹಾಲಿಯೇ ಅಂದಳು. "ಪಾಪ." ಅದರಲ್ಲಿ ಸಿಟ್ಟು ಇರಲಿಲ್ಲ. ಇಷ್ಟು ತಿಂಗಳಿಂದ ಹಿಡಿದಿಟ್ಟುಕೊಂಡದ್ದನ್ನು ಅವಳು ಕೈಬಿಟ್ಟಳು. ಆಮೇಲೆ ಊರೆಲ್ಲ ಅಂದಿತು.

ಮುಂದಿನದು ಕೃಷ್ಣನ್ ಅವರ ಪುಸ್ತಕದಲ್ಲಿ ಇರಲಿಲ್ಲ. ಸತ್ತವನ ಕಡೆಯವರ ಪಾಪವನ್ನೂ ಹೇಳಬೇಕಲ್ಲ. ಹಾಲನ್ ಎದೆಯ ಮೇಲೆ ಕೈ ಇಟ್ಟುಕೊಂಡ.

"ಅವನ ಮಾಮ, ಬಾಗಿಲ ಹೊರಗೆ ಹುಡುಗನ ಎಲುಬು ಮುರಿಯುವುದ ಕೇಳಿ, ಒಳಗೆ ನಿಂತು ಮದುವೆಯ ಕತೆ ಹೇಳಿದ."

ಒಂದು ಕ್ಷಣ ತಡೆದು, ಇಡೀ ಕೊಟ್ಟಿಗೆ, "ಪಾಪ," ಎಂದಿತು. ಅವನ ಮುಖದ ಮೇಲೇ ಹೇಳಿದರು. ಹಾಲನ್ ಅತ್ತ, ಅಳುತ್ತಲೇ ಬೆನ್ನು ನೇರ ಮಾಡಿದ. ಕೃಷ್ಣನ್ ಪೆನ್ಸಿಲ್ ನಿಲ್ಲಿಸಿ ಪುಟ ಹಿಂದೆ ಮುಂದೆ ತಿರುವಿದರು. ಚಿತ್ರದಲ್ಲಿ ಮಾಮ ಎಲ್ಲಿದ್ದಾನೆ ಎಂದು ಅವರಿಗೆ ತಿಳಿಯಲಿಲ್ಲ. ಹಾಲನ್‌ನ ಕಡೆ ಬೆರಳು ಎತ್ತಿ, ಕೊನೆಯ ಸಾಲು ಹೇಳು ಎಂದು ಸನ್ನೆ ಮಾಡಿದರು.

ಹಾಲನ್ ಅಕ್ಕನ ಕಡೆ ನೋಡಿದ. ಆಮೇಲೆ ಅವರು ಬರೆದುಕೊಟ್ಟಂತೆಯೇ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಎಲ್ಲದಕ್ಕಿಂತ ಗಟ್ಟಿಯಾಗಿ ಹೇಳಿದ.

"ಸರ್ಕಾರದ ಆಜ್ಞೆ ಮೀರಿದ."

ಯಂತ್ರದ ಕಟಕಟ ಸದ್ದು. ಬೇರೇನೂ ಇಲ್ಲ.

ಕಾಳಜ್ಜ ಅನ್ನಲಿಲ್ಲ. ಹಟ್ಟಿಯವರು ಅನ್ನಲಿಲ್ಲ. ಮಸಿನಗುಡಿಯವರು ಅನ್ನಲಿಲ್ಲ. ಜಯರಾಮನ್‌ನ ತುಟಿ ನಿಂತಿತ್ತು. ಮೊದಲಿನ ಮೌನದಲ್ಲಿ ತಲೆ ಬಗ್ಗಿಸಿ ಕೂತಿದ್ದವರು ಈಗ ತಲೆ ಎತ್ತಿ ಕೂತಿದ್ದರು. ಪರದೆಯಲ್ಲಿ ಚೀಲದ ನೀರು ಹರಿಯುತ್ತಿತ್ತು, ಮಾದಯ್ಯ ಮಾತು ಕೊಟ್ಟಂತೆ ಹಿಡಿಯನ್ನು ಮೆಲ್ಲಮೆಲ್ಲಗೆ ತಿರುಗಿಸುತ್ತಲೇ ಇದ್ದ. ಕೃಷ್ಣನ್ ಆ ಕಡೆ ನೋಡಿದರು, ಈ ಕಡೆ ನೋಡಿದರು. ಹಾಲನ್ ಕಾದ, ಪದ್ಧತಿಯಂತೆ ಎಷ್ಟು ಹೊತ್ತು ಕಾಯಬೇಕೋ ಅಷ್ಟು ಹೊತ್ತು. ಮುನ್ನೂರು ಬಾಯಿಯಲ್ಲಿ ಒಂದೂ ತೆರೆಯಲಿಲ್ಲ.

ಆಗ ಹೆಂಗಸರ ಬೆಂಚಿನಿಂದ ಹಾಲಿ ಹೇಳಿದಳು. "ಮುಂದಕ್ಕೆ ಹೇಳು ತಮ್ಮಾ."

ಊರು ಪಾಪ ಎನ್ನದಿದ್ದರೆ ಅದು ಪಾಪವಲ್ಲ. ಇಳಿಸಬೇಕಾದ ಹೊರೆಯೇ ಅಲ್ಲ ಅದು, ಅವನ ಹತ್ತಿರವೇ ಇರಲಿ. ಹಾಲನ್ ಎರಡೂ ಕೈ ಎತ್ತಿದ.

"ಹೇಳಿದ್ದು ಹೇಳದ್ದು ಎಲ್ಲವೂ ಇಳಿಯಲಿ. ಭೋಜನ್‌ನ ದಾರಿ ತೆರೆಯಲಿ."

"ತೆರೆಯಲಿ!" ಎಂದು ಊರು ಕೂಗಿತು. ಸುರುಳಿ ಮುಗಿದು ಪರದೆ ಬೆಳ್ಳಗಾಯಿತು.

ಕಂಬಳಿಗಳನ್ನು ಎಳೆದ ಮೇಲೆ ಒಳಗೆ ಬಿಸಿಲು ಬಿತ್ತು. ಜನ ಗಲಾಟೆ ಮಾಡಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಹಾಲಿಯ ಮುಂದೆ ಹೋಗಿ, ಅವಳ ಮಡಿಲಿನ ಟೋಪಿಯನ್ನು ಮುಟ್ಟಿ ಹೊರಟರು. ಸಾವಿನ ಮನೆಯಿಂದ ಹೊರಡುವಂತೆ. ಅದನ್ನು ನೋಡಿದ ಮೇಲೆ ಕೃಷ್ಣನ್ ಅವರಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು.

"ಇದು ಏನು ಕೆಲಸ? ಯಾರ ಹೆಣ ಇಲ್ಲಿ?"

"ನೀವು ನೋಡಿದ ಹೆಣವೇ ಸಾಮಿ."

"ಆ ಕೊನೆಯ ಮಾತಿಗೆ ಯಾಕೆ ಯಾರೂ ಏನೂ ಹೇಳಲಿಲ್ಲ?"

"ನೀವು ಬರೆದುಕೊಟ್ಟದ್ದನ್ನ ನಾ ಗಟ್ಟಿಯಾಗೇ ಹೇಳಿದೆ ಸಾಮಿ. ಅವರು ಸುಮ್ಮನೆ ಕೂತರು."

ಕೃಷ್ಣನ್ ಪುಸ್ತಕ ತೆಗೆದು ಪೆನ್ಸಿಲ್ ಊರಿದರು. ಏನೆಂದು ಬರೆಯುವುದು? ಕೂಗಿದ್ದರೆ ಬರೆಯಬಹುದಿತ್ತು. ಕಲ್ಲು ಎಸೆದಿದ್ದರೆ ಬರೆಯಬಹುದಿತ್ತು. ಸುಮ್ಮನೆ ಕೂತರು ಎಂದು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಕೊನೆಗೆ ಪುಸ್ತಕವನ್ನು ಪಟ್ಟನೆ ಮುಚ್ಚಿದರು. "ಮಾಮನ ಮಾತು ಪುಸ್ತಕದಲ್ಲಿ ಇರಲಿಲ್ಲ. ಅದು ಸಾಕು ನನಗೆ. ನಾಳೆ ಹತ್ತು ಗಂಟೆಗೆ ಠಾಣೆಗೆ ಬಾ. ಬಟ್ಟೆ ಕಟ್ಟಿಕೊಂಡು ಬಾ."

"ಬರ್ತೀನಿ ಸಾಮಿ," ಎಂದ ಹಾಲನ್. ರುಮಾಲನ್ನು ಕೊಡವಿ ಸಾವಕಾಶ ಸುತ್ತಿಕೊಂಡ. ಮಾದಯ್ಯ ದೂರದಿಂದ ಸುರುಳಿಗಳನ್ನು ಡಬ್ಬಿಗೆ ತುಂಬುತ್ತ ಯಾರನ್ನೋ ಬೈಯುತ್ತಿದ್ದ.

ಹಾಲಿ ಬಾಗಿಲ ಬಳಿ ಕಾಯುತ್ತಿದ್ದಳು. ಠಾಣೆಯ ಮಾತು ಅವಳಿಗೂ ಕೇಳಿಸಿತ್ತು. ಟೋಪಿಯನ್ನು ಮಡಿಸಿ ಮಡಿಲಿಗೆ ಸಿಕ್ಕಿಸಿಕೊಂಡು, ತಮ್ಮನ ತಲೆಯ ಮೇಲೆ ಕೈ ಇಟ್ಟಳು.

"ಠಾಣೆಗೆ ಹೋಗೋ ಮುಂಚೆ ಹಟ್ಟಿಗೆ ಬಾ," ಎಂದಳು. "ಎಮ್ಮೆ ಕರೆದುಕೊಟ್ಟು ಹೋಗು."